ಬೂತಾಯಿಯ ಹಿಂಡು: ತುಂಬಿದ ಬಲೆ ಹೇಳದ ಲೆಕ್ಕ

ಸಭಿಕರಿಗೆಲ್ಲ ನಮಸ್ಕಾರ.

ಕರಾವಳಿಯ ಯಾವ ಮನೆಗೂ ಪರಿಚಯ ಮಾಡಿಕೊಡಬೇಕಾಗಿಲ್ಲದ ಒಂದು ಮೀನಿನ ಬಗ್ಗೆ ಮಾತನಾಡಲು ನಾನು ಇಲ್ಲಿ ನಿಂತಿದ್ದೇನೆ. ತುಳುವರು ಅದನ್ನು ಬೂತಾಯಿ ಎನ್ನುತ್ತಾರೆ, ಕುಂದಾಪುರದ ಕಡೆಯವರು ಬೈಗೆ ಎನ್ನುತ್ತಾರೆ, ಅಂಕೋಲೆ, ಕಾರವಾರಗಳ ಕಡೆಗೆ ಹೋದರೆ ಅದೇ ತಾರ್ಲೆ, ಕಾಸರಗೋಡು ದಾಟಿದರೆ ಮತ್ತಿ, ಇನ್ನೂ ತೆಂಕಕ್ಕೆ ಇಳಿದರೆ ಚಾಳ. ವಿಜ್ಞಾನದ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಉದ್ದ ತಲೆಯದು ಎಂಬ ಅರ್ಥದ ಈ ಹೆಸರನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ವಲೆನ್ಸಿಯೆನ್ 1847ರಲ್ಲಿ ಇಟ್ಟ. ಒಂದೇ ಕರಾವಳಿಯುದ್ದಕ್ಕೂ ಇಷ್ಟು ಹೆಸರುಗಳನ್ನು ಪಡೆದಿರುವ ಮೀನು ಎಷ್ಟು ಜನರ ಹೊಟ್ಟೆಯನ್ನು ತುಂಬಿಸಿದೆ ಎಂಬುದನ್ನು ನಾನು ಬೇರೆಯಾಗಿ ಹೇಳಬೇಕಿಲ್ಲ.

ಈ ಮೀನು ಒಂಟಿಯಾಗಿ ಬದುಕುವುದಿಲ್ಲ. ಮರಿಯಾಗಿದ್ದಾಗಿನಿಂದ ಸಾಯುವವರೆಗೆ ಅದು ಹಿಂಡಿನಲ್ಲೇ ಇರುತ್ತದೆ, ಹಿಂಡಿನಲ್ಲೇ ತಿನ್ನುತ್ತದೆ, ಬಲೆಗೆ ಬೀಳುವುದೂ ಹಿಂಡಾಗಿಯೇ. ನನ್ನ ಮಾತು ಈ ಒಂದು ಗುಣದ ಸುತ್ತಲೇ ಇದೆ. ಬೂತಾಯಿಯನ್ನು ಲಕ್ಷಾಂತರ ವರ್ಷ ಕಾಪಾಡಿದ ಹಿಂಡಿನ ಗುಣವೇ ಈ 50 ವರ್ಷಗಳಲ್ಲಿ ಅದರ ಸ್ಥಿತಿಯನ್ನು ನಮ್ಮ ಕಣ್ಣಿನಿಂದ ಮರೆಮಾಡಿದೆ ಎಂದು ನಾನು ನಂಬಿದ್ದೇನೆ. ಹಾಗೆ ನಂಬಲು ಕಾರಣಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಒಂದೇ ಒಂದು ಮೀನನ್ನು ಕೈಗೆತ್ತಿಕೊಳ್ಳೋಣ. ದೋಣಿಗಳು ಮೀನು ಇಳಿಸುವ ದಕ್ಕೆಗೆ ಬಂದಿಳಿದ, ಇನ್ನೂ ಐಸು ತಾಗದ ಬೂತಾಯಿಯ ಬೆನ್ನು ನೀಲಿ ಬೆರೆತ ಹಸಿರು, ಹೊಟ್ಟೆ ಬೆಳ್ಳಿ. ಕಿವಿರಿನ ಮುಚ್ಚಳದ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆಯಿದೆ. ಅದರ ಹಿಂದೆಯೇ ಮಸುಕಾದ ಬಂಗಾರದ ಬಣ್ಣದ ಒಂದು ಗುರುತು, ಅಲ್ಲಿಂದ ಬಾಲದ ಕಡೆಗೆ ಹೋಗುವ ಬಂಗಾರದ ಒಂದು ಎಳೆ. ಹೆಬ್ಬೆರಳಿನ ಉಗುರನ್ನು ಹೊಟ್ಟೆಯ ಅಂಚಿನ ಮೇಲೆ ಬಾಲದಿಂದ ತಲೆಯ ಕಡೆಗೆ ಎಳೆದರೆ ಗರಗಸದ ಹಲ್ಲಿನಂತೆ ತಡೆಯುತ್ತದೆ, ಏಕೆಂದರೆ ಅಲ್ಲಿ ಹುರುಪೆಗಳು ಮೊನಚಾಗಿ ಮಡಿಚಿಕೊಂಡು ಸಾಲಾಗಿ ನಿಂತಿವೆ. ಉಳಿದ ಮೈಯ ಹುರುಪೆಗಳಾದರೋ ಮುಟ್ಟಿದರೆ ಕಳಚಿ ಬರುವಷ್ಟು ಸಡಿಲ. ಮೀನು ಮಾರುವ ಹೆಂಗಸರ ಮೊಣಕೈವರೆಗೂ ಅವು ಅಂಟಿ, ಒಣಗಿ, ಬಿಸಿಲಿಗೆ ಮಿನುಗುವುದನ್ನು ನೀವೆಲ್ಲ ಕಂಡಿರುತ್ತೀರಿ.

ಇನ್ನು ಕಿವಿರಿನ ಮುಚ್ಚಳವನ್ನು ಎತ್ತಿ ನೋಡಿ. ಕೆಂಪು ಕಿವಿರಿನ ಎದುರು ಬದಿಗೆ, ಬಾಯಿಯ ಒಳಮುಖವಾಗಿ, ನೂಲಿಗಿಂತ ತೆಳುವಾದ ಎಳೆಗಳ ಒಂದು ಬಾಚಣಿಗೆ ಕಾಣುತ್ತದೆ. ಗಾಳಿಯಲ್ಲಿ ಈ ಎಳೆಗಳು ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಂಡು ಏನೂ ಅಲ್ಲದಂತೆ ತೋರುತ್ತವೆ. ಒಂದು ಬಟ್ಟಲು ನೀರಿನಲ್ಲಿ ಮುಳುಗಿಸಿದ ಕೂಡಲೇ ಬಿಡಿಸಿಕೊಂಡು ಒತ್ತಾದ ಜರಡಿಯಾಗಿ ನಿಲ್ಲುತ್ತವೆ. ಒಂದೊಂದು ಕಿವಿರಿನ ಬಿಲ್ಲಿನ ಕೆಳಭಾಗದಲ್ಲೇ ಇಂಥ ಎಳೆಗಳು 150ಕ್ಕೂ ಹೆಚ್ಚು ಇರುತ್ತವೆ. ಬೂತಾಯಿಗೆ ಬೇಟೆಯಾಡುವ ಹಲ್ಲಿಲ್ಲ. ಬಾಯಿ ತೆರೆದು ಈಜುತ್ತಾ, ಈ ಜರಡಿಯಲ್ಲಿ ಕಡಲನ್ನೇ ಸೋಸಿ, ಬರಿಗಣ್ಣಿಗೆ ಕಾಣದ, ನೀರಿನಲ್ಲಿ ತೇಲುವ ಪ್ಲವಕಗಳೆಂಬ ಸೂಕ್ಷ್ಮಜೀವಿಗಳನ್ನು ಉಳಿಸಿಕೊಂಡು ಅದು ಬದುಕುತ್ತದೆ.

ಸೋಸಿ ತಿನ್ನುವ ಪ್ರಾಣಿಗೆ ಆಹಾರ ದಟ್ಟವಾಗಿರುವ ನೀರು ಬೇಕು. ನಮ್ಮ ಪಶ್ಚಿಮ ಕರಾವಳಿಗೆ ಅದನ್ನು ಒದಗಿಸುವುದು ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಗಾಳಿಯ ಒತ್ತಡಕ್ಕೆ ಮೇಲ್ಮೈಯ ಬೆಚ್ಚನೆಯ ನೀರು ತೀರದಿಂದ ಆಚೆಗೆ ಸರಿಯುತ್ತದೆ, ಅದರ ಜಾಗವನ್ನು ತುಂಬಲು ಆಳದ ತಣ್ಣನೆಯ ನೀರು ಮೇಲೇಳುತ್ತದೆ, ಮತ್ತು ಆ ನೀರಿನೊಂದಿಗೆ ತಳದಲ್ಲಿ ಕೂಡಿಬಿದ್ದಿದ್ದ ನೈಟ್ರೇಟು, ಫಾಸ್ಫೇಟುಗಳೂ ಬಿಸಿಲಿರುವ ಪದರಕ್ಕೆ ಬಂದು ಸೇರುತ್ತವೆ. ಹೊಲಕ್ಕೆ ಗೊಬ್ಬರ ಹಾಕಿದಂತೆಯೇ ಇದು. ಕೆಲವೇ ದಿನಗಳಲ್ಲಿ ಡಯಾಟಮ್‌ಗಳೆಂಬ ಸೂಕ್ಷ್ಮ ಸಸ್ಯಗಳು ಕೋಟಿಗಟ್ಟಲೆ ಹುಟ್ಟಿ ನೀರಿನ ಬಣ್ಣವನ್ನೇ ಬದಲಿಸುತ್ತವೆ. ಅವುಗಳಲ್ಲಿ ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಒಂದು ಜಾತಿ ಹೆಚ್ಚಿದ ಕಡೆ ಬೂತಾಯಿಯೂ ಹೆಚ್ಚುತ್ತದೆ, ಆದ್ದರಿಂದ ಅದನ್ನು ಮೀನಿನ ಬರುವಿಕೆಗೆ ಸೂಚಕವೆಂದು ಹಿಡಿಯಬಹುದು ಎಂದು 1955ರಲ್ಲಿ ನಮ್ಮ ದೇಶದ ಇಬ್ಬರು ವಿಜ್ಞಾನಿಗಳಾದ ನಾಯರ್ ಮತ್ತು ಸುಬ್ರಹ್ಮಣ್ಯನ್ ತೋರಿಸಿಕೊಟ್ಟರು. ಅದಕ್ಕೂ ಮೂರು ದಶಕ ಮೊದಲೇ, 1920ರ ದಶಕದ ಆರಂಭದಲ್ಲಿ, ಮದರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ಎಂ. ಆರ್. ನಾಯುಡು ಈ ಮೀನಿನ ಜೀವನಚರಿತ್ರೆಯನ್ನು ಬರೆದಿಟ್ಟಿದ್ದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತಾದ್ದರಿಂದ ಆ ಕೆಲಸ ನಮ್ಮ ಕಡಲಿನದೂ ಹೌದು.

ಮುಂಗಾರೇ ಇದರ ಸಂತಾನದ ಕಾಲವೂ ಹೌದು. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ತೇಲಿಬಿಡುತ್ತದೆ. ಅವು ಸುಮಾರು ಒಂದು ದಿನದಲ್ಲೇ ಒಡೆದು ಮರಿಯಾಗುತ್ತವೆ. ಮರಿ ಒಂದು ವರ್ಷ ತುಂಬುವ ಹೊತ್ತಿಗೆ ಸುಮಾರು 15 ಸೆಂಟಿಮೀಟರ್ ಬೆಳೆದು ತಾನೇ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಎರಡೂವರೆ, ಮೂರು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಈ ಅಲ್ಪಾಯುಷ್ಯವನ್ನು ದಯವಿಟ್ಟು ನೆನಪಿನಲ್ಲಿಡಿ. ಹತ್ತಿಪ್ಪತ್ತು ವರ್ಷ ಬದುಕುವ ಮೀನಿಗೆ ಒಂದೆರಡು ಕೆಟ್ಟ ಮಳೆಗಾಲಗಳನ್ನು ತಡೆದುಕೊಳ್ಳುವ ಹಿರಿಯ ತಲೆಮಾರು ಕಡಲಿನಲ್ಲಿ ಉಳಿದಿರುತ್ತದೆ, ಬೂತಾಯಿಗೆ ಅಂಥ ಉಳಿತಾಯವಿಲ್ಲ. ಈ ವರ್ಷದ ಮೀನು ಬಹುಪಾಲು ಕಳೆದ ವರ್ಷದ ಮರಿ.

ಈಗ ಹಿಂಡಿಗೆ ಬರೋಣ. ಪಡುವಣ ಕಡಲಿನ ತೀರದ ಆಳವಿಲ್ಲದ ನೀರಿನಲ್ಲಿ ಅಡಗಲು ಬಂಡೆಯ ಸಂದಿಲ್ಲ, ಕಾಡಿಲ್ಲ, ಕತ್ತಲಿನ ಆಳವೂ ಇಲ್ಲ. ಮೇಲಿನಿಂದ ಹಕ್ಕಿ, ಕೆಳಗಿನಿಂದ ಅಂಜಲ್ ಮತ್ತು ಕೇದರಗಳೆಂಬ ದೊಡ್ಡ ಬೇಟೆಮೀನುಗಳು, ಸುತ್ತಲಿನಿಂದ ಡಾಲ್ಫಿನ್. ಒಂದು ಗೇಣಿನಷ್ಟು ಉದ್ದದ, ಕಚ್ಚಲಾಗದ, ಚುಚ್ಚಲಾಗದ ಜೀವಿ ಅಲ್ಲಿ ಎಲ್ಲಿ ಬಚ್ಚಿಟ್ಟುಕೊಳ್ಳಬೇಕು? ತನ್ನಂಥವೇ ಸಾವಿರಾರು ಮೀನುಗಳ ನಡುವೆ. ಲಕ್ಷ ಮೀನುಗಳ ಹಿಂಡಿನ ಮೇಲೆ ಎರಗಿದ ಅಂಜಲ್ ಒಂದನ್ನು ಹಿಡಿದರೆ, ಆ ಒಂದು ನಾನೇ ಆಗುವ ಸಾಧ್ಯತೆ ಲಕ್ಷಕ್ಕೆ ಒಂದು. ಅದಕ್ಕಿಂತ ಮುಖ್ಯವಾಗಿ, ಬೇಟೆಯ ಮೀನು ಯಾವುದಾದರೂ ಒಂದರ ಮೇಲೆ ಕಣ್ಣು ನೆಟ್ಟರೆ ಮಾತ್ರ ಹಿಡಿಯಬಲ್ಲದು. ಸಾವಿರ ಬೆಳ್ಳಿ ಮೈಗಳು ಒಮ್ಮೆಗೇ ಹೊರಳಿದಾಗ ಅದರ ಕಣ್ಣಿಗೆ ಹಿಡಿತ ತಪ್ಪುತ್ತದೆ. ಹಿಂಡನ್ನು ಒಡೆದು ಒಂದೆರಡನ್ನು ಬೇರ್ಪಡಿಸಲು ಡಾಲ್ಫಿನ್‌ಗಳು ಅಷ್ಟು ಶ್ರಮಪಡುವುದು ಇದೇ ಕಾರಣಕ್ಕೆ.

ಹಿಂಡಿಗೆ ನಾಯಕನಿಲ್ಲ. ಪ್ರತಿಯೊಂದು ಮೀನೂ ತನ್ನ ಪಕ್ಕದ ಕೆಲವನ್ನಷ್ಟೇ ಗಮನಿಸುತ್ತದೆ: ತೀರ ಹತ್ತಿರ ಬಂದರೆ ಸರಿಯುತ್ತದೆ, ದೂರವಾದರೆ ಕೂಡಿಕೊಳ್ಳುತ್ತದೆ, ಅವು ತಿರುಗಿದ ಕಡೆಗೆ ತಾನೂ ತಿರುಗುತ್ತದೆ. ಇಷ್ಟರಿಂದಲೇ ಒಂದು ಅಂಚಿನ ಬೆದರಿಕೆ ಹಿಂಡಿನ ಇನ್ನೊಂದು ಅಂಚಿಗೆ, ಬೆದರಿಸಿದ ಮೀನು ಈಜುವುದಕ್ಕಿಂತ ವೇಗವಾಗಿ, ಅಲೆಯಂತೆ ಹರಿದು ತಲುಪುತ್ತದೆ. ಬಹುಪಾಲು ಮೀನುಗಳಲ್ಲಿ ನೀರಿನ ಕದಲಿಕೆಯನ್ನು ಅರಿಯುವ ಒಂದು ಗೆರೆ ಮೈಯ ಬದಿಯಲ್ಲಿ ಬಾಲದವರೆಗೂ ಓಡುತ್ತದೆ. ಬೂತಾಯಿಯ ಬದಿಯನ್ನು ಎಷ್ಟು ಹುಡುಕಿದರೂ ಆ ಗೆರೆ ಸಿಗದು, ಏಕೆಂದರೆ ಈ ವರ್ಗದ ಮೀನುಗಳಲ್ಲಿ ಆ ಇಂದ್ರಿಯದ ನಾಳಗಳೆಲ್ಲ ತಲೆಯಲ್ಲಿ ಕವಲೊಡೆದು ನಿಂತುಬಿಟ್ಟಿವೆ. ಜೊತೆಗೆ ಗಾಳಿಚೀಲದಿಂದ ಒಳಗಿವಿಗೆ ನೇರ ಸಂಪರ್ಕವಿರುವುದರಿಂದ ಅವು ಬಹಳ ಚೆನ್ನಾಗಿ ಕೇಳಿಸಿಕೊಳ್ಳುತ್ತವೆ. ಹೊಟ್ಟೆಯ ಬೆಳ್ಳಿ ಬಣ್ಣವೂ ಬಣ್ಣವಲ್ಲ. ಚರ್ಮದೊಳಗಿನ ಗ್ವಾನಿನ್ ಹರಳುಗಳು ಪದರ ಪದರವಾಗಿ ಜೋಡಿಸಿಕೊಂಡು ಮಾಡಿದ ಕನ್ನಡಿ. ಸುತ್ತಲಿನ ನೀರಿನ ಬೆಳಕನ್ನೇ ಹಿಂತಿರುಗಿಸುವ ಈ ಕನ್ನಡಿಯಿಂದಾಗಿ ನೇರವಾಗಿ ಈಜುವ ಮೀನು ನೀರಿನಂತೆಯೇ ಕಾಣುತ್ತದೆ, ಓರೆಯಾದ ಕ್ಷಣ ಮಾತ್ರ ಹೊಳೆಯುತ್ತದೆ.

ಆ ಹೊಳಪನ್ನು ನಾನು ಮೊದಲು ಸರಿಯಾಗಿ ಕಂಡದ್ದು ಹಗಲಿನಲ್ಲಲ್ಲ. ವಿದ್ಯಾರ್ಥಿಯಾಗಿದ್ದಾಗ, ಅಮಾವಾಸ್ಯೆಗೆ ಒಂದೆರಡು ದಿನವಿರುವಾಗ, ಗಂಗೊಳ್ಳಿಯಿಂದ ಹೊರಟ ಒಂದು ದೋಣಿಯಲ್ಲಿ ನನಗೂ ಜಾಗ ಕೊಟ್ಟಿದ್ದರು. ಇಂಜಿನ್ ನಿಲ್ಲಿಸಿ, ಬೀಡಿಯ ಕಿಡಿಯೂ ಕಾಣದಂತೆ ಎಲ್ಲರೂ ಸುಮ್ಮನೆ ಕುಳಿತಿದ್ದೆವು. ದೋಣಿಯ ಮುಂತುದಿಯಾದ ಅಣಿಯಲ್ಲಿ ನಿಂತಿದ್ದ, ದೋಣಿಯನ್ನು ನಡೆಸುವ ತಾಂಡೇಲರು ಬಹಳ ಹೊತ್ತಿನ ಮೇಲೆ ಕೈ ಚಾಚಿ "ಕಾಣಿ, ಬೈಗೆ" ಎಂದರು. ಮೊದಲು ನನಗೆ ಏನೂ ಕಾಣಲಿಲ್ಲ. ಆಮೇಲೆ ನೀರಿನೊಳಗೆ, ಒಂದು ಮನೆಯಂಗಳದಷ್ಟು ಅಗಲಕ್ಕೆ, ಹಾಲಿಗೆ ನೀಲಿ ಕಲಸಿದಂಥ ಬೆಳಕು ನಿಧಾನವಾಗಿ ಸರಿಯುತ್ತಿರುವುದು ಕಂಡಿತು. ಕದಡಿದರೆ ಬೆಳಗುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಇರುತ್ತವೆ, ಹಿಂಡು ಹಾದುಹೋದಾಗ ಅವು ಹೊತ್ತಿಕೊಳ್ಳುತ್ತವೆ ಎಂಬುದು ಪುಸ್ತಕದಿಂದ ನನಗೆ ಗೊತ್ತಿತ್ತು. ಆ ಬೆಳಕಿನ ಆಕಾರ, ಸರಿಯುವ ರೀತಿ, ಮಿನುಗಿ ಆರುವ ಲಯ ಇವನ್ನು ನೋಡಿ ಇದು ಬಂಗುಡೆಯಲ್ಲ, ಬೈಗೆಯೇ ಎಂದು ಹೇಳಬಲ್ಲ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ವಿದ್ಯೆಯ ಬಗ್ಗೆ ನನಗಿರುವ ಗೌರವ ಅಂದಿನಿಂದ ಕಡಿಮೆಯಾಗಿಲ್ಲ.

ನಮ್ಮ ಹಿರಿಯರು ಇಂಥ ಹಿಂಡನ್ನು ರಂಪಣಿಯಿಂದ ಹಿಡಿಯುತ್ತಿದ್ದರು. ಒಂದು ಕಿಲೋಮೀಟರಿನಷ್ಟು ಉದ್ದವಾಗಬಲ್ಲ ಆ ಬಲೆಯನ್ನು ದೋಣಿಯಲ್ಲಿ ಒಯ್ದು, ತೀರದ ಹತ್ತಿರ ಬಂದ ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಎರಡೂ ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ಮೀನು ಮಿತಿಮೀರಿದರೆ ಬಲೆಯನ್ನು ನೀರಿನಲ್ಲೇ ಬಿಗಿದು ಕಟ್ಟಿ, ದಿನಗಟ್ಟಲೆ ಜೀವಂತವಾಗಿ ಕೂಡಿಟ್ಟು, ಬೇಕಾದಷ್ಟೇ ತೆಗೆಯುವುದೂ ಇತ್ತು. ಬಂದದ್ದರಲ್ಲಿ ಎಳೆದವರಿಗೆಲ್ಲ ಪಾಲು. ಈ ಪದ್ಧತಿಯನ್ನು ನಾನು ಬರಿಯ ಹಳೆಯ ಚೆಂದವೆಂದು ನೆನೆಯುತ್ತಿಲ್ಲ. ರಂಪಣಿ ಹಿಂಡನ್ನು ಅಟ್ಟಿಸಿಕೊಂಡು ಹೋಗಲಾರದು, ಅದು ತೀರಕ್ಕೆ ಬರುವವರೆಗೆ ಕಾಯಬೇಕು. ಕಡಲಿನಲ್ಲಿ ಹಿಂಡುಗಳು ಕಡಿಮೆಯಾದ ವರ್ಷ ತೀರಕ್ಕೆ ಬರುವ ಹಿಂಡುಗಳೂ ಕಡಿಮೆ, ಆದ್ದರಿಂದ ಬಲೆಯೂ ಬರಿದು. ಕಡಲಿನ ಸ್ಥಿತಿ ಮತ್ತು ಬಲೆಯ ಸ್ಥಿತಿ ಒಂದಕ್ಕೊಂದು ಕನ್ನಡಿ ಹಿಡಿದಿದ್ದವು.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಹಿಂಡಿನ ಸುತ್ತ ಗೋಡೆಯಂತೆ ಬಲೆಯನ್ನು ಬಿಟ್ಟು, ಅದರ ಅಡಿಯಂಚಿನ ಬಳೆಗಳ ಮೂಲಕ ಹಾದ ಹಗ್ಗವನ್ನು ಎಳೆದು, ಹಣದ ಚೀಲದ ಬಾಯಿ ಕಟ್ಟಿದಂತೆ ತಳವನ್ನೇ ಮುಚ್ಚಿಬಿಡುವ ವಿಧಾನವಿದು. ಹಿಂಡಿನ ಮೀನಿಗೆ ಇದಕ್ಕಿಂತ ಸರಿಹೊಂದುವ ಬಲೆ ಇನ್ನೊಂದಿಲ್ಲ. ಕೆಲವೇ ವರ್ಷಗಳಲ್ಲಿ ರಂಪಣಿ ಬಹುಮಟ್ಟಿಗೆ ಮೂಲೆ ಸೇರಿತು. ಆ ಕಾಲದ ಜಗಳಗಳು, ದಡದ ಜನ ಕಳೆದುಕೊಂಡ ಜೀವನೋಪಾಯ, ಇವೆಲ್ಲ ಇನ್ನೊಂದು ಉಪನ್ಯಾಸಕ್ಕೆ ಸಾಲುವಷ್ಟು ದೊಡ್ಡ ವಿಷಯ. ಆಮೇಲೆ ಮೀನು ಹುಡುಕುವ ಯಂತ್ರಗಳೂ, ಶಬ್ದದ ಪ್ರತಿಧ್ವನಿಯಿಂದ ಹಿಂಡನ್ನು ಗುರುತಿಸುವ ಸೋನಾರ್ ಕೂಡ ಬಂದವು. ತಾಂಡೇಲರು ಕತ್ತಲಿನಲ್ಲಿ ಉಸಿರು ಬಿಗಿಹಿಡಿದು ಹುಡುಕಿದ್ದನ್ನು ಪರದೆ ಹಗಲೂ ರಾತ್ರಿ ತೋರಿಸತೊಡಗಿತು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲಿದೆ. ಬೂತಾಯಿಯ ಸಂಖ್ಯೆ ಕಡಿಮೆಯಾದಾಗ ಅದು ಕಡಲಿನಲ್ಲಿ ತೆಳುವಾಗಿ ಹರಡಿಕೊಳ್ಳುವುದಿಲ್ಲ. ಉಳಿದವು ಮತ್ತೆ ಒಟ್ಟುಗೂಡುತ್ತವೆ, ಏಕೆಂದರೆ ಒಂಟಿಯಾಗಿರುವುದು ಅದರ ಸ್ವಭಾವಕ್ಕೆ ಒಗ್ಗದು. ಒಂದು ಲೆಕ್ಕ ಹಾಕೋಣ. ಒಂದು ಪ್ರದೇಶದಲ್ಲಿ ನೂರು ಹಿಂಡುಗಳಿವೆ, ಒಂದೊಂದರಲ್ಲೂ ಐದು ಟನ್ ಮೀನಿದೆ ಎಂದಿಟ್ಟುಕೊಳ್ಳಿ. ಮೀನೊಂದಕ್ಕೆ 50 ಗ್ರಾಂ ಎಂದರೆ ಹಿಂಡಿಗೆ ಒಂದು ಲಕ್ಷ ಮೀನು. ಈಗ ನೂರು ಹಿಂಡುಗಳು ಇಪ್ಪತ್ತಕ್ಕೆ ಇಳಿದವು. ಕಣ್ಣು, ಹಕ್ಕಿ, ನೀರಿನ ಬಣ್ಣ ಇವನ್ನೇ ನಂಬಿದವನಿಗೆ ಹಿಂಡು ಸಿಗುವುದು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಸೋನಾರ್ ಇರುವವನು ಇನ್ನೆರಡು ಗಂಟೆ ಹೆಚ್ಚು ಓಡಿ ಹಿಂಡನ್ನು ಹುಡುಕಿಯೇ ತೀರುತ್ತಾನೆ, ಮತ್ತು ಬಲೆ ಬಿಟ್ಟಾಗ ಅವನಿಗೆ ಸಿಗುವುದು ಅದೇ ಐದು ಟನ್. ಸಂಜೆ ದಕ್ಕೆಯಲ್ಲಿ ಬರೆಯುವ ಪುಸ್ತಕದಲ್ಲಿ ಏನೂ ಬದಲಾಗಿರುವುದಿಲ್ಲ. ಹಿಂಡುಗಳು ಇಪ್ಪತ್ತರಿಂದ ಐದಕ್ಕೆ ಇಳಿದರೂ ಬಲೆ ತುಂಬುತ್ತಲೇ ಇರುತ್ತದೆ. ಆಮೇಲೆ ಒಂದು ವರ್ಷ ಇದ್ದಕ್ಕಿದ್ದಂತೆ ಬಲೆ ಬರಿದಾಗಿ ಬರುತ್ತದೆ, ಪತ್ರಿಕೆಗಳು ಮತ್ಸ್ಯಕ್ಷಾಮವೆಂದು ಬರೆಯುತ್ತವೆ, ನಾವೆಲ್ಲ ಮೀನು ಒಂದೇ ವರ್ಷದಲ್ಲಿ ಮಾಯವಾಯಿತೆಂದು ಬೆರಗಾಗುತ್ತೇವೆ.

ಇದರಿಂದ ಬೂತಾಯಿಯ ಏರಿಳಿತಕ್ಕೆಲ್ಲ ಮೀನುಗಾರನೇ ಕಾರಣ ಎಂದು ಯಾರೂ ಅರ್ಥಮಾಡಿಕೊಳ್ಳಬಾರದು. ಅದು ಸತ್ಯಕ್ಕೆ ದೂರ, ಮತ್ತು ಕಡಲಿಗಿಳಿಯುವ ಜನರಿಗೆ ಮಾಡುವ ಅನ್ಯಾಯ. ಇಂಜಿನ್ ಎಂಬುದೇ ಇಲ್ಲದಿದ್ದ ಕಾಲದಲ್ಲೂ ಈ ಮೀನು ಬಂದು ಹೋಗಿ ಮಾಡಿದೆ. 1940ರ ದಶಕದಲ್ಲಿ ಅದು ಬಹುತೇಕ ಕಾಣೆಯಾಯಿತು. 1943ರಲ್ಲಿ ಮದರಾಸು ಸರ್ಕಾರ ಕೆಲವು ಬಗೆಯ ಬಲೆಗಳಿಗೂ ಮರಿಮೀನು ಹಿಡಿಯುವುದಕ್ಕೂ ನಿರ್ಬಂಧ ಹಾಕಬೇಕಾಯಿತು. ನಂತರ ಅದು ತಾನಾಗಿ ಹಿಂತಿರುಗಿತು. 1994ರಲ್ಲಿ ಮತ್ತೆ ಕುಸಿಯಿತು, ಮತ್ತೆ ಏರಿತು. 2012ರಲ್ಲಿ ದೇಶದ ಒಟ್ಟು ಬೂತಾಯಿ ಇಳುವರಿ 7 ಲಕ್ಷ ಟನ್ ದಾಟಿತ್ತು, ಕೇರಳವೊಂದರಲ್ಲೇ ಸುಮಾರು 3.9 ಲಕ್ಷ ಟನ್. ಅದೇ ಕೇರಳದಲ್ಲಿ 2021ರಲ್ಲಿ ಸಿಕ್ಕಿದ್ದು 3,297 ಟನ್. ನಡುವೆ 2015ರಲ್ಲಿ ಎಲ್ ನಿನೋ ಎಂಬ ಹವಾಮಾನದ ಏರುಪೇರು ಕಡಲನ್ನು ಬಿಸಿ ಮಾಡಿತ್ತು. 2023ರ ಹೊತ್ತಿಗೆ ಅಲ್ಲಿನ ಇಳುವರಿ ಮತ್ತೆ ಲಕ್ಷ ಟನ್ ದಾಟಿತು. ಇಂಥ ಏರಿಳಿತ ನಮ್ಮ ಕಡಲಿಗಷ್ಟೇ ಸೀಮಿತವಲ್ಲ. ಬೂತಾಯಿಯ ದೂರದ ಬಂಧುವಾದ ಕ್ಯಾಲಿಫೋರ್ನಿಯಾದ ಸಾರ್ಡೀನು 1930ರ ದಶಕದಲ್ಲಿ ವರ್ಷಕ್ಕೆ 7 ಲಕ್ಷ ಟನ್ ಸಿಗುತ್ತಿದ್ದುದು, 1950ರ ದಶಕಕ್ಕೆ ನೆಲಕಚ್ಚಿತು, 1967ರಲ್ಲಿ ಅಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಆ ಕರಾವಳಿಯ ಒಂದು ಕಡೆ, ಕಡಲ ತಳದ ಕೆಸರಿನಲ್ಲಿ ವರ್ಷ ವರ್ಷ ಪದರವಾಗಿ ಕೂಡಿಬಿದ್ದ ಹುರುಪೆಗಳನ್ನು ಎಣಿಸಿದವರಿಗೆ, ಸುಮಾರು 1,700 ವರ್ಷಗಳ ಅವಧಿಯಲ್ಲಿ ಸಾರ್ಡೀನು ಎಷ್ಟೋ ಬಾರಿ ಹೆಚ್ಚಿ, ಎಷ್ಟೋ ಬಾರಿ ಬತ್ತಿಹೋದದ್ದು ಕಂಡಿತು. ಸಡಿಲವಾದ ಹುರುಪೆ, ಕೆಳಗೆ ಉದುರಿ, ಒಂದು ಚರಿತ್ರೆಯನ್ನೇ ಬರೆದಿಟ್ಟಿತ್ತು.

ಹಾಗಾದರೆ ಬಲೆಯ ಪಾತ್ರವೇನು? ಪ್ರಕೃತಿಯೇ ಕೈ ಬಿಗಿಹಿಡಿದ ವರ್ಷ, ಅಂದರೆ ಆಳದ ನೀರು ಸಾಕಷ್ಟು ಮೇಲೇಳದ, ಅಥವಾ ಆಮ್ಲಜನಕವಿಲ್ಲದ ನೀರು ತೀರದವರೆಗೂ ನುಗ್ಗಿದ ವರ್ಷ, ಉಳಿದ ಕೆಲವೇ ಹಿಂಡುಗಳು ಮುಂದಿನ ಸಂತಾನದ ಬಿತ್ತನೆ ಬೀಜ. ಆ ವರ್ಷವೂ ಬಲೆ ಎಂದಿನಂತೆ ತುಂಬಿದರೆ ನಾವು ತೆಗೆಯುತ್ತಿರುವುದು ಬೀಜವನ್ನು. ಕಡಲಿನ ಇಳಿತವನ್ನು ಬಲೆ ಹುಟ್ಟಿಸುವುದಿಲ್ಲ, ಇಳಿತದ ತಳವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ, ಮೇಲೇಳುವ ಕಾಲವನ್ನು ಮುಂದೂಡುತ್ತದೆ.

ಈಗಿರುವ ನಿಯಮಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮೀನಿಗೆ ದೊಡ್ಡ ಉಪಕಾರ ಮಾಡಿದೆ. ಆದರೂ ಬೂತಾಯಿಯ ಮೊಟ್ಟೆಯ ಕಾಲ ಜುಲೈಗೇ ಮುಗಿಯುವುದಿಲ್ಲ. ಬೆಳಕು ಹಾಯಿಸಿ ಹಿಂಡುಗಳನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ್ದು ಸರಿಯಾದ ತೀರ್ಮಾನ, ಅದನ್ನು ಎಲ್ಲರಿಗೂ ಸಮನಾಗಿ ಜಾರಿಮಾಡಬೇಕು. ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಕೇರಳ 2015ರಲ್ಲಿ ಗೊತ್ತುಮಾಡಿದಾಗ ಬೂತಾಯಿಗೆ ಇಟ್ಟ ಮಿತಿ 10 ಸೆಂಟಿಮೀಟರ್. ಅದು ಮೊಟ್ಟೆಯಿಡುವುದು 15ರ ಹೊತ್ತಿಗೆ ಎಂದು ಆಗಲೇ ಹೇಳಿದೆ. ಆ ಐದು ಸೆಂಟಿಮೀಟರ್‌ಗಳ ಅಂತರದಲ್ಲಿ ಹಿಡಿಯಲ್ಪಟ್ಟ ಪ್ರತಿಯೊಂದು ಮೀನೂ ಒಮ್ಮೆಯೂ ಸಂತಾನ ಕಾಣದೆ ಹೋಗುತ್ತದೆ. ಊಟದ ಮೀನನ್ನು ಕೊಳ್ಳುವವರು ಗಾತ್ರ ನೋಡಿ ಆರಿಸುತ್ತಾರೆ, ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವ ಮೀನಿಗೆ ಆ ಆಯ್ಕೆಯಿಲ್ಲ. ಆದ್ದರಿಂದ ಮರಿಮೀನಿನ ಮಟ್ಟಿಗೆ ನನ್ನ ಹೆಚ್ಚಿನ ಆತಂಕ ಅಲ್ಲಿಯದು.

ಟನ್ನುಗಳ ಲೆಕ್ಕ ನಮ್ಮನ್ನು ತಡವಾಗಿ ಎಚ್ಚರಿಸುತ್ತದೆ ಎಂದಾದರೆ ಬೇರೆ ಏನನ್ನು ಎಣಿಸಬೇಕು? ಒಂದು ಹಿಂಡು ಸಿಗಲು ಎಷ್ಟು ಗಂಟೆ ಓಡಬೇಕಾಯಿತು, ಎಷ್ಟು ಡೀಸೆಲ್ ಉರಿಯಿತು, ಎಷ್ಟು ದೂರ ಹೋಗಬೇಕಾಯಿತು ಎಂಬ ಲೆಕ್ಕ ಪ್ರತಿಯೊಬ್ಬ ತಾಂಡೇಲರ ತಲೆಯಲ್ಲೂ ಇದೆ. ಹಿಂಡುಗಳು ಕಡಿಮೆಯಾದದ್ದು ಮೊದಲು ಗೊತ್ತಾಗುವುದು ಅಲ್ಲಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಿಂದ ದಕ್ಕೆಗಳಲ್ಲಿ ಕಲೆಹಾಕುತ್ತ ಬಂದಿರುವ ಅಮೂಲ್ಯವಾದ ಮಾಹಿತಿಯ ಪಕ್ಕಕ್ಕೆ ಈ ಲೆಕ್ಕವೂ ಬರಹದಲ್ಲಿ ಸೇರಬೇಕು ಎಂಬುದು ನನ್ನ ಮನವಿ. ಇನ್ನೊಂದು, ಮೀನಿನ ಉದ್ದ. ಇದಕ್ಕೆ ಯಂತ್ರ ಬೇಕಿಲ್ಲ, ಒಂದು ಅಡಿಪಟ್ಟಿ ಸಾಕು.

ನಾನು ಈಗಲೂ ಬೆಳಗಿನ ಜಾವ ದಕ್ಕೆಗೆ ಹೋದಾಗ ಯಾವುದಾದರೂ ಒಂದು ಬುಟ್ಟಿಯ ಪಕ್ಕ ಕುಳಿತು, ಕೇಳಿಕೊಂಡು, ಕೈಗೆ ಬಂದ 50 ಮೀನುಗಳನ್ನು ಅಳೆಯುತ್ತೇನೆ. ಬಾಯಿಯ ತುದಿಯನ್ನು ಸೊನ್ನೆಗೆ ತಾಗಿಸಿ, ಬಾಲವನ್ನು ನೇರ ಮಾಡಿ, ಸಂಖ್ಯೆಯನ್ನು ಬರೆದುಕೊಳ್ಳುವುದು. ಕಳೆದ ಬಾರಿ ಬುಟ್ಟಿಯ ಒಡತಿಯೇ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನು ಅಳೆಯುತ್ತೇನೆ, ನೀವು ಬರೆಯಿರಿ ಎಂದರು. ಅವರ ಕೈ ನನ್ನದಕ್ಕಿಂತ ಎಷ್ಟೋ ಚುರುಕು. ಹದಿನಾರೂವರೆ, ಹದಿನೇಳು, ಹದಿನೈದು, ಹದಿನಾರು ಎಂದು ಹೇಳುತ್ತಾ ಹೋದವರು ಒಂದು ಮೀನಿಗೆ ನಿಂತು, ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ, ಇದಕ್ಕೆ ಇನ್ನೂ ಮೊಟ್ಟೆ ಕಟ್ಟಿಲ್ಲ, ಅದನ್ನೂ ಬರೆದುಕೊಳ್ಳಿ ಎಂದರು. ನನ್ನ ಪುಸ್ತಕದಲ್ಲಿ ಅಂಥ ಅಂಕಣ ಇರಲಿಲ್ಲ. ಪಕ್ಕದಲ್ಲಿ ಒಂದು ಗೆರೆ ಎಳೆದು, 13 ಸೆಂಟಿಮೀಟರ್, ಮೊಟ್ಟೆಯಿಲ್ಲ ಎಂದು ಬರೆದುಕೊಂಡೆ.